ನೋವು ಗಿಣ್ಣಲ್ಲಿದೆ, ವೈರಸ್ ಎಲ್ಲಿಗೋಯ್ತು?

ಪ್ರಶ್ನೆ: ನಮಸ್ಕಾರ ಸಾರ್. ಹಬ್ಬದ ಟೈಮಲ್ಲಿ ನಮ್ಮೂರಲ್ಲಿ ಮನೆಗೆ ಇಬ್ರಂಗೆ ಜ್ವರ ಬಂದು ಮಲಗಿದ್ರು, ನಂಗೂ ಬಂತು. ಎರಡು ವಾರ ಆದ್ಮೇಲೆ ಕ್ಯಾಂಪ್ ಹಾಕಿ ರಕ್ತ ತಗೊಂಡೋದ್ರು, ಪಿಸಿಆರ್ ನೆಗೆಟಿವ್ ಅಂತ ಬಂತು. ಆದ್ರೆ ಬೆಳಗ್ಗೆ ಎದ್ರೆ ಚೊಂಬು ಹಿಡಿಯಕ್ಕಾಗ್ತಿಲ್ಲ. ಪಕ್ಕದ ಮನೆ ಹುಡುಗಂದು ಮಾತ್ರ ಚಿಕೂನ್‌ಗುನ್ಯಾ ಪಾಸಿಟಿವ್ ಅಂತೆ, ಅದನ್ನ ಜೀನ್ ಟೆಸ್ಟಿಗೆ ಕಳಿಸಿದಾರಂತೆ. ಲ್ಯಾಬೋರು ಸುಳ್ಳು ಹೇಳ್ತಿದಾರಾ? ಆ ಜೀನ್ ನೋಡಿ ನಮಗೇನು ಲಾಭ?
– ಓದುಗರು, ಶ್ರೀನಿವಾಸಪುರ

ಉತ್ತರ: ಲ್ಯಾಬೋರು ಸುಳ್ಳು ಹೇಳಿಲ್ಲ ಕಣ್ರೀ, ಕ್ಯಾಂಪ್‌ನೋರು ಲೇಟಾಗಿ ಬಂದ್ರು ಅಷ್ಟೆ. ಪಿಸಿಆರ್ ಹುಡುಕೋದು ವೈರಸ್ಸನ್ನೇ, ಅದು ರಕ್ತದಲ್ಲಿ ಸಿಗೋದು ಜ್ವರ ಶುರುವಾದ ಮೊದಲ ಐದಾರು ದಿನ, ಹೆಚ್ಚೆಂದ್ರೆ ಒಂದು ವಾರ. ಆಮೇಲೆ ವೈರಸ್ ರಕ್ತದಿಂದ ಖಾಲಿ, ನೋವು ಮಾತ್ರ ಗಿಣ್ಣಲ್ಲಿ, ಮಣಿಕಟ್ಟಲ್ಲಿ ತಿಂಗಳುಗಟ್ಲೆ ಕೂತ್ಕೊಳುತ್ತೆ. ನಿಮಗೆ ಮಾಡ್ಬೇಕಿದ್ದದ್ದು ಐಜಿಎಂ ಅನ್ನೋ ರಕ್ತಪರೀಕ್ಷೆ, ಅದು ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯನ, ಈಗ್ಲೂ ಡಾಕ್ಟರ್ ಹತ್ರ ಕೇಳಿ ಮಾಡಿಸ್ಬೋದು. ಪಕ್ಕದ್ಮನೆ ಹುಡುಗ ಬಹುಶಃ ಆಗಷ್ಟೇ ಮಲಗಿದ್ದ, ಅದಕ್ಕೇ ಅವನ ಸ್ಯಾಂಪಲ್ ಜೀನ್ ಓದೋಕ್ಕೆ ಲಾಯಕ್ಕಾಯ್ತು.

ಈಗ ಜೀನ್ ವಿಚಾರ. ಈ ವೈರಸ್ಸಿನ ಜಾತಕ ಅಂದ್ರೆ ಸುಮಾರು 11,800 ಅಕ್ಷರದ ಒಂದು ಆರ್‌ಎನ್‌ಎ ಎಳೆ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರಲ್ಲಿ ಒಂದು ಪಾಲು ಜನಕ್ಕೆ ಇದೇ ಜ್ವರ ಬಂತು, ವಿಜ್ಞಾನಿಗಳು ಬೇರೆ ಬೇರೆ ತಿಂಗಳ ರೋಗಿಗಳ ಸ್ಯಾಂಪಲ್ ತಗೊಂಡು ಅಕ್ಷರ ಅಕ್ಷರ ಪಕ್ಕದಲ್ಲಿಟ್ಟು ನೋಡಿದ್ರೆ, ಶುರುವಲ್ಲಿ ಸಿಕ್ಕಿದ ವೈರಸ್ಸಲ್ಲಿ ಇಲ್ಲದ ಒಂದು ಬದಲಾವಣೆ ಆಮೇಲಿನದ್ರಲ್ಲಿ ತುಂಬಾ ಕಾಣಿಸ್ತು. ಹೊರಕವಚದ ಇ1 ಪ್ರೋಟೀನಿನ 226ನೇ ಜಾಗದಲ್ಲಿ ಅಲನೈನ್ ಅನ್ನೋ ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆ ಇದ್ದಂಗೆ) ಹೋಗಿ ವ್ಯಾಲೈನ್ ಅನ್ನೋ ಇನ್ನೊಂದು ಕೂತಿತ್ತು. ಇಷ್ಟೇನಾ ಅನ್ಸುತ್ತೆ ಅಲ್ವಾ, ಆದ್ರೆ ಆ ಒಂದೇ ಬದಲಾವಣೆಯಿಂದ ವೈರಸ್ಸಿಗೆ ಹುಲಿ ಸೊಳ್ಳೆ, ಅಂದ್ರೆ ಈಡಿಸ್ ಆಲ್ಬೊಪಿಕ್ಟಸ್ ಮೈಯಲ್ಲಿ ಬೆಳೆಯೋದು ಬಲು ಸಲೀಸಾಯ್ತು ಅಂತ 2007ರಲ್ಲಿ ಲ್ಯಾಬಲ್ಲಿ ತೋರಿಸಿದ್ರು.

ನಮ್ ಕಡೆ 2006 ನೆನಪಿದ್ಯಾ? ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಕೇಸು, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಬೀದಿಗೆ ಬೀದಿನೇ ಬಗ್ಗಿ ನಡೀತಿತ್ತು, ನಮ್ಮತ್ತೆ ಗೋಡೆ ಹಿಡ್ಕೊಂಡೇ ಬಚ್ಚಲಿಗೆ ಹೋಗ್ತಿದ್ರು, ಹೆಸರಲ್ಲಿ ಚಿಕನ್ ಇದೆ ಅಂತ ಕೋಳಿ ತಿನ್ನೋದನ್ನೇ ಬಿಟ್ಟೋರೂ ಇದ್ರು. (ಕೋಳಿಗೂ ಇದಕ್ಕೂ ಸಂಬಂಧ ಇಲ್ಲ, ತಾಂಜಾನಿಯಾ ಕಡೆಯ ಮಕೊಂಡೆ ಭಾಷೆಯಲ್ಲಿ ಬಗ್ಗಿ ಹೋಗೋದು ಅನ್ನೋ ಅರ್ಥದ ಪದ ಅದು.) ಜೀನ್ ಓದಿದಾಗ ಎರಡು ವಿಷಯ ಗೊತ್ತಾಯ್ತು. ಒಂದು, ಇದು 1963ರಲ್ಲಿ ಕಲ್ಕತ್ತಾದಲ್ಲಿ ಹಬ್ಬಿದ ಹಳೇ ಏಷ್ಯಾ ತಳಿ ಅಲ್ಲ, ಆಫ್ರಿಕಾ ತಳಿ. ಇನ್ನೊಂದು, 226ನೇ ಜಾಗದ ಬದಲಾವಣೆ ಆಗಿನ್ನೂ ನಮ್ಮ ವೈರಸ್ಸಲ್ಲಿ ಇರಲಿಲ್ಲ, ಮಾರನೇ ವರ್ಷ ಕೇರಳದಲ್ಲಿ ಸಿಕ್ತು. ಅಲ್ಲಿ ರಬ್ಬರ್ ತೋಟದಲ್ಲಿ ಹಾಲು ಹಿಡಿಯೋ ಚಿಪ್ಪು ಇರುತ್ತಲ್ಲ, ಮಳೆ ನೀರು ನಿಂತ್ರೆ ಅದೇ ಹುಲಿ ಸೊಳ್ಳೆಗೆ ತೊಟ್ಟಿಲು.

ಲಾಭ ಏನು ಅಂದ್ರಲ್ಲ, ಅದು ಇಲ್ಲೇ ಇದೆ. ನಿಮ್ಮ ನೋವಿಗೆ ಆ ಟೆಸ್ಟಿಂದ ಒಂದು ಮಾತ್ರೆನೂ ಸಿಗಲ್ಲ, ನಿಜ. ಆದ್ರೆ ಆ ಬದಲಾವಣೆ ಇದ್ಯಾ ಇಲ್ವಾ ಅಂತ ನೋಡಿದ್ರೆ, ಯಾವ ಸೊಳ್ಳೆ ಹಿಂದೆ ಬೀಳ್ಬೇಕು, ತೋಟಕ್ಕೆ ಹೋಗ್ಬೇಕಾ ಮನೆಯೊಳಗಿನ ಡ್ರಮ್ಮಿಗೆ ಬಗ್ಗಿ ನೋಡ್ಬೇಕಾ ಅನ್ನೋದಕ್ಕೆ ಸುಳಿವು ಸಿಗುತ್ತೆ. ಹೊಗೆ ಬಿಡೋ ಗಾಡಿ ಸಂಜೆ ಬೀದಿ ಸುತ್ತಿ ಹೋಗೋದು ನೋಡೋಕ್ಕೇನೋ ಚೆನ್ನ, ಹಗಲು ಕಚ್ಚೋ ಸೊಳ್ಳೆಗೆ ಅದ್ರಿಂದ ಅಷ್ಟೇನೂ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಿಂದೆ ಬಂದೋರಿಗೆ ಮತ್ತೆ ಬರುತ್ತಾ ಅಂತ ಇನ್ನೂ ಇಬ್ರು ಕೇಳಿದಾರೆ: ಸಾಮಾನ್ಯವಾಗಿ ಬರಲ್ಲ.

ನಿಮ್ಮೂರಿಗೆ ನೀರಿನ ಟ್ಯಾಂಕರ್ ಎಷ್ಟು ದಿನಕ್ಕೊಂದ್ಸಲ ಬರುತ್ತೆ ಅಂತ ನೀವು ಬರೆದಿಲ್ಲ. ಡ್ರಮ್ಮಲ್ಲಿ ನೀರು ಎಂಟತ್ತು ದಿನ ನಿಂತ್ರೆ ಮೊಟ್ಟೆ ಸೊಳ್ಳೆ ಆಗೋಕ್ಕೆ ಅಷ್ಟು ಸಾಕು. ಡ್ರಮ್ಮಿನ ನೀರು ಚೆಲ್ಲಿದ್ರೂ ನೀರಿನ ಗೆರೆ ಮೇಲೆ ಕರಿ ಚುಕ್ಕಿ ಥರ ಅಂಟಿರೋ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಲೆ ಬದುಕಿರುತ್ತೆ, ತೆಂಗಿನ ನಾರು ತಗೊಂಡು ಒಳಗೋಡೆ ಉಜ್ಜಿಸಿ. ನಿಮ್ಮ ಕೈ ನೋಯುತ್ತೆ, ಆ ಹುಡುಗನ್ನೇ ಕರೀರಿ.