ಅಕ್ಷರ ಉಲ್ಟಾ ಕಂಡರೆ ಟೆಲಿಸ್ಕೋಪ್ ಕೆಟ್ಟಿದೆಯಾ?

ಪ್ರಶ್ನೆ: ಮೊದಲ ಸಲ ಟೆಲಿಸ್ಕೋಪ್ ತಗೊಂಡಿದ್ದೇನೆ. ಮುಂದೆ ಲೆನ್ಸ್ ಇರುವ ಥರದ್ದು, ಲೆನ್ಸಿನ ಅಗಲ 70 ಮಿ.ಮೀ., ಫೋಕಲ್ ಲೆಂಗ್ತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 700 ಮಿ.ಮೀ. ಹಗಲಲ್ಲಿ ದೂರದ ಒಂದು ಬೋರ್ಡ್ ನೋಡಿದರೆ ಅಕ್ಷರಗಳೆಲ್ಲ ತಲೆಕೆಳಗು. ಡಬ್ಬದಲ್ಲಿದ್ದ ಮೊಣಕೈ ಥರದ ತುಂಡನ್ನು ಸಿಕ್ಕಿಸಿದೆ. ಬೋರ್ಡ್ ನೆಟ್ಟಗಾಯಿತು, ಆದರೆ ಈಗ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗಿವೆ. ವಾಪಸ್ ಕೊಡಲಾ?

ಉತ್ತರ: ಬೇಡ, ಇಟ್ಟುಕೊಳ್ಳಿ. ಅದು ಸರಿಯಾಗೇ ಇದೆ.

ಮುಂದಿನ ಲೆನ್ಸ್ ಬೆಳಕನ್ನು ಒಂದೆಡೆ ಸೇರಿಸುವಾಗಲೇ ಮೇಲಿನದ್ದು ಕೆಳಗೆ, ಎಡಗಡೆಯದ್ದು ಬಲಕ್ಕೆ ಹೋಗಿರುತ್ತದೆ. ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸ್, ಆ ಬಿಂಬವನ್ನು ದೊಡ್ಡದಾಗಿ ತೋರಿಸುತ್ತದೆ ಅಷ್ಟೇ, ತಿರುಗಿಸಿ ಸರಿ ಮಾಡುವುದಿಲ್ಲ. ಗೆಲಿಲಿಯೋ 1609ರಲ್ಲಿ ಆಕಾಶಕ್ಕೆ ಹಿಡಿದ ಟೆಲಿಸ್ಕೋಪಿನಲ್ಲಿ ಬಿಂಬ ನೆಟ್ಟಗೇ ಕಾಣುತ್ತಿತ್ತು, ಯಾಕೆಂದರೆ ಕಣ್ಣಿನ ಕಡೆ ತಗ್ಗು ಲೆನ್ಸ್ ಇತ್ತು. ಆದರೆ ಬೀಗದ ತೂತಲ್ಲಿ ಇಣುಕಿದಷ್ಟೇ ಆಕಾಶ. 1611ರಲ್ಲಿ ಕೆಪ್ಲರ್, ಕಣ್ಣಿನ ಕಡೆಯೂ ಉಬ್ಬು ಲೆನ್ಸನ್ನೇ ಹಾಕಬಹುದು ಎಂದು ಬರೆದರು. ಜಾಸ್ತಿ ಆಕಾಶ ಕಾಣುತ್ತದೆ, ಆದರೆ ತಲೆಕೆಳಗಾಗಿ. ಆಕಾಶದಲ್ಲಿ ಯಾರಿಗೆ ಯಾವುದು ಮೇಲೆ, ಯಾವುದು ಕೆಳಗೆ? ನೋಡುವವರು ಅದಕ್ಕೇ ಒಗ್ಗಿಕೊಂಡರು.

ನೀವು ಸಿಕ್ಕಿಸಿದ ತುಂಡಿಗೆ ಡಯಾಗನಲ್ ಎನ್ನುತ್ತಾರೆ. ಅದರೊಳಗೆ ಒಂದೇ ಒಂದು ಕನ್ನಡಿ ಇದೆ, ಅದು ಮೇಲೆ-ಕೆಳಗನ್ನು ಸರಿ ಮಾಡುತ್ತದೆ, ಎಡ-ಬಲವನ್ನು ಹಾಗೇ ಬಿಡುತ್ತದೆ. ತಲೆಯ ಮೇಲಿರುವ ನಕ್ಷತ್ರ ನೋಡಲು ಕುತ್ತಿಗೆ ಮುರಿದುಕೊಳ್ಳಬಾರದು ಅಂತ ಕೊಟ್ಟಿದ್ದು ಅದು, ಬೋರ್ಡ್ ಓದಲಿಕ್ಕಲ್ಲ.

ಒಂದು ಹಾಳೆಯ ಮೇಲೆ ದಪ್ಪಗೆ 'ಗಡಿಯಾರ' ಎಂದು ಬರೆಯಿರಿ. ಹಾಳೆಯನ್ನು ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿ: ಡಯಾಗನಲ್ ಇಲ್ಲದೆ ಕಾಣುವುದು ಇದು. ಈಗ ಹಾಳೆಯನ್ನು ಮತ್ತೆ ನೆಟ್ಟಗೆ ಮಾಡಿ ಎತ್ತಿ, ಪುಸ್ತಕದ ಪುಟ ಮಗುಚಿದ ಹಾಗೆ ಮಗುಚಿ, ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ: ಡಯಾಗನಲ್ ಹಾಕಿದಾಗ ಕಾಣುವುದು ಇದು. ಮೊದಲನೆಯದನ್ನು ತಿರುಗಿಸಿದರೆ ಓದಬಹುದು. ಎರಡನೆಯದನ್ನು ಎಷ್ಟು ಸುತ್ತಿಸಿದರೂ ಆಗದು, ಅಲ್ವಾ? ಚಂದ್ರನ ನಕ್ಷೆ ಹಿಡಿದು ಕೂತ ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲೇ. ಉತ್ತರ ಮೇಲಿರುವ ನಕ್ಷೆಯಲ್ಲಿ ಮೇರ್ ಕ್ರಿಸಿಯಂ ಎಂಬ ಮೊಟ್ಟೆಯಾಕಾರದ ಕಪ್ಪು ಕಲೆ ಬಲಗಡೆ ಮೇಲಿದೆ. ಡಯಾಗನಲ್ ಇಲ್ಲದಿದ್ದರೆ ಅದು ಎಡಗಡೆ ಕೆಳಗೆ, ಇದ್ದರೆ ಎಡಗಡೆ ಮೇಲೆ. (ಚಂದ್ರ ವಾಲಿಕೊಂಡಿದ್ದರೆ ಅಷ್ಟು ಹೆಚ್ಚುಕಮ್ಮಿ.) ನಕ್ಷೆಯ ಫೋಟೋ ತೆಗೆದು ಫೋನಿನಲ್ಲೇ ಅಡ್ಡಡ್ಡ ಫ್ಲಿಪ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ, ಮುಗಿಯಿತು.

ದಿಕ್ಕು ಪೂರ್ತಿ ಗೊಂದಲವಾದರೆ ಟೆಲಿಸ್ಕೋಪ್ ಮುಟ್ಟಬೇಡಿ, ಸುಮ್ನೆ ನೋಡುತ್ತಿರಿ. ಭೂಮಿ ತಿರುಗುವುದರಿಂದ ನಕ್ಷತ್ರ ತಾನಾಗೇ ಜಾರುತ್ತದೆ. ಅದು ಯಾವ ಅಂಚಿನಿಂದ ಹೊರಗೆ ಹೋಯಿತೋ ಅದೇ ಪಶ್ಚಿಮ. ಕನ್ನಡಿ ಎಷ್ಟೇ ಇರಲಿ, ಇದು ಸುಳ್ಳಾಗುವುದಿಲ್ಲ.

ಪ್ರಶ್ನೆ: ಫೈಂಡರಿನಲ್ಲಿ (ಕೊಳವೆಯ ಮೇಲೆ ಗುರಿ ಹಿಡಿಯಲು ಇರುವ ಪುಟ್ಟ ಟೆಲಿಸ್ಕೋಪ್) ಚಂದ್ರ ನಡುವೆಯೇ ಇದ್ದಾನೆ, ಐಪೀಸಿನಲ್ಲಿ ಮಾತ್ರ ಬರೀ ಕತ್ತಲೆ. 10 ಮಿ.ಮೀ. ಐಪೀಸ್ ಹಾಕಿದ್ದೇನೆ. ನನ್ನದೂ 700 ಮಿ.ಮೀ. ಫೋಕಲ್ ಲೆಂಗ್ತಿನದ್ದೇ.

ಉತ್ತರ: ಎರಡು ಎಡವಟ್ಟು ಒಟ್ಟಿಗೆ ಆಗಿವೆ. ಫೈಂಡರ್ ಮತ್ತು ದೊಡ್ಡ ಕೊಳವೆ ಬೇರೆ ಬೇರೆ ಕಡೆ ನೋಡುತ್ತಿವೆ, ಸಾಲದ್ದಕ್ಕೆ ನೀವು ಶುರುವಿಗೇ ಜಾಸ್ತಿ ಪವರ್ ಹಾಕಿದ್ದೀರಿ. 700ನ್ನು 10ರಿಂದ ಭಾಗಿಸಿ, 70 ಪಟ್ಟು. 25 ಮಿ.ಮೀ. ಐಪೀಸ್ ಇದ್ದರೆ 28 ಪಟ್ಟು ಮಾತ್ರ, ಆದರೆ ಕಾಣುವ ಆಕಾಶ ಎಷ್ಟೋ ಅಗಲ. ಹುಡುಕುವಾಗ ಯಾವತ್ತೂ ದೊಡ್ಡ ಅಂಕಿಯ ಐಪೀಸ್.

ಫೈಂಡರನ್ನು ಹಗಲಲ್ಲೇ ಸರಿ ಮಾಡಿಕೊಳ್ಳಿ. ಒಂದೆರಡು ಕಿಲೋಮೀಟರ್ ದೂರದ ಟವರಿನ ತುದಿಯನ್ನು ಮೊದಲು ಐಪೀಸಿನ ನಡುವಿಗೆ ತನ್ನಿ, ಕೊಳವೆ ಅಲ್ಲಾಡದಂತೆ ಬಿಗಿ ಮಾಡಿ, ಆಮೇಲೆ ಫೈಂಡರಿನ ಸ್ಕ್ರೂಗಳನ್ನು ಮಾತ್ರ ತಿರುಗಿಸುತ್ತಾ ಅದೇ ತುದಿಯನ್ನು ಅಲ್ಲಿಯೂ ನಡುವಿಗೆ ತನ್ನಿ. ಎದುರು ಮನೆಯ ನೀರಿನ ಟ್ಯಾಂಕ್ ಆಗದು, ತೀರಾ ಹತ್ತಿರ. ಸೂರ್ಯ ಇರುವ ಕಡೆಗಂತೂ ಕೊಳವೆಯನ್ನಾಗಲಿ ಫೈಂಡರನ್ನಾಗಲಿ ತಿರುಗಿಸಲೇಬೇಡಿ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ರಾತ್ರಿ ಚಂದ್ರನ ಮೇಲೆ ಇನ್ನೊಮ್ಮೆ ನೋಡಿ ಸರಿ ಮಾಡಿ, ಆದರೆ ಬೇಗ ಬೇಗ. ಎರಡು ನಿಮಿಷಕ್ಕೆ ಚಂದ್ರ ಹೆಚ್ಚುಕಮ್ಮಿ ತನ್ನಷ್ಟೇ ಅಗಲ ಸರಿದಿರುತ್ತಾನೆ.

ಪ್ರಶ್ನೆ: ನನ್ನದು ಕನ್ನಡಿಯ ಟೆಲಿಸ್ಕೋಪ್, ನ್ಯೂಟನ್ ಮಾದರಿಯದ್ದು. ನಿನ್ನೆ ನಡುವೆ ಕಪ್ಪು ಚುಕ್ಕೆಯಿರುವ ದೊಡ್ಡ ಬಿಳಿ ಉಂಗುರ ಕಂಡಿತು. ಯಾವ ಗ್ರಹ?

ಉತ್ತರ: ಗ್ರಹವಲ್ಲ, ಫೋಕಸ್ ಆಗದ ನಕ್ಷತ್ರ. ನಡುವಿನ ಚುಕ್ಕೆ ನಿಮ್ಮದೇ ಟೆಲಿಸ್ಕೋಪಿನೊಳಗಿನ ಚಿಕ್ಕ ಕನ್ನಡಿಯ ನೆರಳು. ಫೋಕಸ್ ಮಾಡುವ ಗುಬುಟನ್ನು ಮೆಲ್ಲಗೆ ತಿರುಗಿಸಿ. ಉಂಗುರ ದೊಡ್ಡದಾಗುತ್ತಾ ಹೋದರೆ ಇನ್ನೊಂದು ಕಡೆಗೆ. ಚಿಕ್ಕದಾಗುತ್ತಾ ಆಗುತ್ತಾ ಸೂಜಿಮೊನೆಯಷ್ಟಾದರೆ ಅಲ್ಲಿ ನಿಲ್ಲಿಸಿ. ಅಂದಹಾಗೆ ನಿಮ್ಮದರಲ್ಲಿ ಕನ್ನಡಿ ಎರಡು, ಹಾಗಾಗಿ ಒಂದು ಮಾಡಿದ ಉಲ್ಟಾವನ್ನು ಇನ್ನೊಂದು ಸರಿ ಮಾಡುತ್ತದೆ. ಆಕಾಶ ತಿರುಗಿ ಕಾಣುತ್ತದೆ, ಕೆಲವೊಮ್ಮೆ ಸೊಟ್ಟಗೆ ಕೂಡ, ಆದರೆ ನಕ್ಷೆಯನ್ನು ಸುತ್ತಿಸಿದರೆ ಹೊಂದಿಕೊಳ್ಳುತ್ತದೆ. ಫ್ಲಿಪ್ ಮಾಡುವ ಕೆಲಸ ನಿಮಗಿಲ್ಲ.