ಸ್ನೋಬೋರ್ಡ್‌ನಲ್ಲಿ ತಿರುವುಗಳು ಒಂದೇ ಲಯದಲ್ಲಿ ಬರಲು ಏನು ಅಭ್ಯಾಸ ಮಾಡಬೇಕು?

ಮೊದಲು ಎಣಿಕೆ. ಯಂತ್ರದಿಂದ ಹದ ಮಾಡಿದ, ಇಳಿಜಾರು ಕಡಿಮೆಯಿರುವ ಹಿಮದ ಹಾದಿಯಲ್ಲಿ ಬೆರಳಂಚಿನ (ಬೋರ್ಡಿನ ಕಾಲ್ಬೆರಳ ಕಡೆಯ ಅಂಚು) ಮೇಲೆ ನಾಲ್ಕು, ಹಿಮ್ಮಡಿಯಂಚಿನ ಮೇಲೆ ನಾಲ್ಕು ಎಂದು ಬಾಯಿಬಿಟ್ಟು ಎಣಿಸಿ. ಮೊದಲ ಎರಡು ಎಣಿಕೆಗೆ ಮಂಡಿ ಮೆಲ್ಲಗೆ ನೀಳವಾಗಲಿ, ಮುಂಗಾಲಿನ ಮೇಲೆ ತುಸು ಹೆಚ್ಚು ಭಾರ ಬೀಳಲಿ. ಉಳಿದೆರಡಕ್ಕೆ ಮಂಡಿ, ಕಣಕಾಲು ಮಡಿಸಿ ಕುಗ್ಗಿ. ಸತತ ಹತ್ತು ತಿರುವು ಕೆಡದೆ ಬಂದರೆ ಎಣಿಕೆಯನ್ನು ಮೂರಕ್ಕೆ, ಆಮೇಲೆ ಎರಡಕ್ಕೆ ಇಳಿಸಿ.

ಲಯ ಹೆಚ್ಚಾಗಿ ತಪ್ಪುವುದು ಹಿಮ್ಮಡಿ ಕಡೆ. ಸೊಂಟ ಮಾತ್ರ ಹಿಂದಕ್ಕೆ ಚಾಚಿ ಕಾಲು ಸೆಟೆದರೆ ಬೋರ್ಡ್ ಗಡಗಡ ನಡುಗಿ ಜಾರುತ್ತದೆ, ಎಣಿಕೆ ಅಲ್ಲೇ ಮುಗಿಯುತ್ತದೆ. ಕುರ್ಚಿಯಲ್ಲಿ ಕೂತಂತೆ ಮಂಡಿ ಮಡಿಸಿ, ಕಾಲ್ಬೆರಳನ್ನು ಬೂಟಿನೊಳಗೆ ಮೇಲೆತ್ತಿ. ಹಿಂಗಾಲಿನಿಂದ ಬೋರ್ಡಿನ ಬಾಲ (ಹಿಂತುದಿ) ಒದ್ದು ತಿರುಗಿಸುವುದು ಇನ್ನೊಂದು ಕೆಟ್ಟ ಚಾಳಿ.

ಮುಂದೆ ನಾಲ್ಕೈದು ಮೀಟರ್ ಅಗಲದ ಓಣಿಯೊಂದನ್ನು ಕಲ್ಪಿಸಿಕೊಂಡು ಅದರೊಳಗೇ ತಿರುಗಿ. ಕಣ್ಣು ಸದಾ ಮುಂದಿನ ತಿರುವಿನ ಮೇಲಿರಲಿ, ಬೋರ್ಡಿನ ಮೂತಿಯ ಮೇಲಲ್ಲ. ಅಂಚು ಬದಲಿಸುವಾಗ ಅವಸರ ಬೇಡ: ಬೋರ್ಡ್ ಇಳಿಜಾರಿಗೆ ಅಡ್ಡಲಾಗಿದ್ದಾಗ ಚಪ್ಪಟೆಯಾದರೆ ಕೆಳಗಿನ ಅಂಚು ಹಿಮಕ್ಕೆ ಕಚ್ಚಿ ಎತ್ತಿ ಒಗೆಯುತ್ತದೆ. (ಹೆಲ್ಮೆಟ್ ಇರಲೇಬೇಕು.) ಕೊನೆಗೆ ನಿಂತು ಹಿಂದಿನ ಗೆರೆ ನೋಡಿ. ಒಂದು ಬದಿಯ ಕಮಾನು ಚಿಕ್ಕದಾಗಿದ್ದರೆ ಆ ಬದಿಗೊಂದು ಎಣಿಕೆ ಹೆಚ್ಚಿಸಿ.