ಇಡ್ಲಿ ಕೂತಿತ್ತು, ಕರುಳು ಓಡುತ್ತಿತ್ತು

"ಮೇಡಂ, ಬಸ್ ಹತ್ತೋಕೇ ಭಯ." 22 ವರ್ಷದ ಹುಡುಗ ಮೊದಲು ಹೇಳಿದ್ದು ಇಷ್ಟೇ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಇಂಟರ್‌ವ್ಯೂ ದಿನ ಬೆಳಗ್ಗೆ ನಾಲ್ಕು ಸಲ ಟಾಯ್ಲೆಟ್. ಆದರೆ ತಿಂದ ಒಂದು ಇಡ್ಲಿ ಮಧ್ಯಾಹ್ನದವರೆಗೂ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ. ಪರೀಕ್ಷೆಗಳೆಲ್ಲ ನಾರ್ಮಲ್. ವೈದ್ಯರು ಐಬಿಎಸ್ (ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಹೊಟ್ಟೆ, ಕರುಳು ಕಾಡುವ ತೊಂದರೆ) ಎಂದು ಹೇಳಿ ನನ್ನ ಹತ್ತಿರ ಕಳಿಸಿದ್ದರು. ಮನೆಯಲ್ಲಿ ಅಪ್ಪ, "ಎಲ್ಲಾ ನಿನ್ನ ಭ್ರಮೆ" ಎಂದಿದ್ದರು.

ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿದ್ದು ಆ ಮಾತು. ಹಾಗಾಗಿ ಮೊದಲ ದಿನ ಬೇರೇನೂ ಮಾಡದೆ, ಹಾಳೆಯ ಮೇಲೆ ಜಠರ, ಕರುಳಿನ ಚಿತ್ರ ಬರೆದೆ.

ಕರುಳಿಗೆ ತನ್ನದೇ ನರಜಾಲ ಇದೆ. ಆ ನರಗಳು ಸಂದೇಶ ಕಳಿಸಲು ಬಳಸುವ ಪುಟ್ಟ ಪ್ರೋಟೀನ್ ತುಣುಕುಗಳಿಗೆ ನ್ಯೂರೋಪೆಪ್ಟೈಡ್ ಎನ್ನುತ್ತಾರೆ. ಆಹಾರದ ಹಿಂದುಗಡೆ ಕರುಳು ಹಿಂಡಿಕೊಳ್ಳಲು ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡ್ ನೆರವಾಗುತ್ತದೆ. ಮುಂದುಗಡೆ ಸಡಿಲವಾಗಲು ವಿಐಪಿ ಎಂಬ ಪೆಪ್ಟೈಡ್ ನೆರವಾಗುತ್ತದೆ. ಹೀಗೆ ಆಹಾರ ಮುಂದೆ ಸಾಗುತ್ತದೆ. ಆತಂಕವಾದಾಗ ಸಿಆರ್‌ಎಫ್ ಎಂಬ ಇನ್ನೊಂದು ಪೆಪ್ಟೈಡ್ ಕೆಲಸಕ್ಕೆ ಇಳಿಯುತ್ತದೆ. 1981ರಲ್ಲಿ ಅದರ ರಚನೆ ತಿಳಿಯಿತು. ಈ ಸಿಆರ್‌ಎಫ್ ಒಂದು ಬಗೆಯ ಗ್ರಾಹಕದ (ಪೆಪ್ಟೈಡ್ ಬಂದು ಕೂರುವ, ಜೀವಕೋಶದ ಮೇಲಿನ ಜಾಗ) ಮೂಲಕ ಜಠರವನ್ನು ನಿಧಾನ ಮಾಡುತ್ತದೆ, ಇನ್ನೊಂದರ ಮೂಲಕ ದೊಡ್ಡ ಕರುಳನ್ನು ಓಡಿಸುತ್ತದೆ.

"ಅಂದ್ರೆ ಎರಡೂ ನಿಜಾನೇ ಅಲ್ವಾ ಮೇಡಂ?" ಎಂದ. ಕಣ್ಣು ತುಂಬಿತ್ತು. ಮುಂದಿನ ವಾರ ಅಪ್ಪನನ್ನೂ ಕರೆಸಿ ಅದೇ ಚಿತ್ರ ತೋರಿಸಿದೆ. ಅವರು ತುಂಬಾ ಹೊತ್ತು ಸುಮ್ನೆ ನೋಡುತ್ತಾ ಕೂತರು.

ಹೊರಡುವ ದಿನ ಉಪವಾಸ ಇರುವುದನ್ನು ಬಿಡಿಸಿದೆ. ಒಂದೂವರೆ ಗಂಟೆ ಮುಂಚೆ ಎದ್ದು ಸ್ವಲ್ಪ ತಿನ್ನು ಎಂದೆ. ಜಠರ ತುಂಬಿದಾಗ ದೊಡ್ಡ ಕರುಳು ತಾನಾಗೇ ಚುರುಕಾಗುತ್ತದೆ, ಆ ಕೆಲಸ ಮನೆಯಲ್ಲೇ ಮುಗಿಯಲಿ. ಆ ದಿನ ಕಾಫಿ ಬೇಡ. ಹೊಟ್ಟೆ ಉಬ್ಬುವಂತೆ ನಿಧಾನ ಉಸಿರಾಟ ದಿನಾ 10 ನಿಮಿಷ, ಇಂಟರ್‌ವ್ಯೂ ಇಲ್ಲದ ದಿನವೂ. ಬಸ್ಸಿನಲ್ಲಿ ಮೊದಲ ವಾರ ಎರಡೇ ಸ್ಟಾಪ್, ಆಮೇಲೆ ನಾಲ್ಕು.

ಅವನು ವೈದ್ಯರನ್ನು ಕೇಳದೇ ನುಂಗುತ್ತಿದ್ದ, ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳಿದೆ. ನಮ್ಮ ದೇಹದ ಎನ್‌ಕೆಫಲಿನ್ ಎಂಬ ಪೆಪ್ಟೈಡ್ ಕೂರುವ ಜಾಗದಲ್ಲೇ ಅದು ಕೂತು ಕರುಳನ್ನು ನಿಧಾನಿಸುತ್ತದೆ. ವೈದ್ಯರು ಹೇಳಿದಷ್ಟೇ ತಗೋಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ನನ್ನ ಹತ್ತಿರ ಅಲ್ಲ, ನೇರ ವೈದ್ಯರ ಹತ್ತಿರ ಹೋಗು ಎಂದೆ.

ಮೂರನೇ ತಿಂಗಳು ಬಸ್ಸಿನಲ್ಲೇ ಬಂದ. ದಾರಿಯಲ್ಲಿ ಒಮ್ಮೆ ಹೊಟ್ಟೆ ಹಿಡಿದುಕೊಂಡಿತಂತೆ. ಇಳಿಯಲಿಲ್ಲವಂತೆ.